ಕ್ಯಾಮೆರಾದ ಹಿಂದಿನ ದನಿ

ಸೀಡಿಯೊಂದರ ಅಂಚಿನಲ್ಲಿ ಕಂದು ಬಣ್ಣದ ಕಲೆ ಮೊದಲು ಕಂಡದ್ದು ನನಗೇ. ಕಿಟಕಿಯ ಬೆಳಕಿಗೆ ಹಿಡಿದು ಓರೆ ಮಾಡಿ ನೋಡಿದೆ. ಎಲೆಗೆ ರೋಗ ಹತ್ತಿದಾಗ ಅಂಚಿನಿಂದ ಶುರುವಾಗುತ್ತದಲ್ಲ, ಹಾಗೆ ಕಲೆ ಒಳಕ್ಕೆ ಹರಡುತ್ತಿತ್ತು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದವಳು ನಾನು. ಅಂಥ ರೋಗ ನಡುವೆ ಎಲ್ಲೂ ನಿಲ್ಲುವುದಿಲ್ಲವೆಂದು ಬಲ್ಲೆ. ಬಿಸ್ಕತ್ತಿನ ಡಬ್ಬಿಯಲ್ಲಿ ಜೋಡಿಸಿಟ್ಟಿದ್ದ ಉಳಿದ ಸೀಡಿಗಳನ್ನೂ ಒಂದೊಂದಾಗಿ ತೆಗೆದು ನೋಡಿದೆ. ಕೆಲವಕ್ಕೆ ಹತ್ತಿತ್ತು, ಕೆಲವಕ್ಕೆ ಇನ್ನೂ ಇಲ್ಲ.

ಬೇರೆ ಊರುಗಳಲ್ಲಿ ಇದು ಹೆದರುವ ಸಂಗತಿಯೇ ಅಲ್ಲವಂತೆ. ಅಲ್ಲಿಯವರು ಮನೆಯ ಸೀಡಿಗಳನ್ನು ಕಂಪ್ಯೂಟರಿಗೆ ಇಳಿಸಿ, ಬೇಕಾದರೆ ನೆಂಟರಿಗೂ ಒಂದೊಂದು ಹಂಚುತ್ತಾರೆ. ನಮ್ಮೂರಿನಲ್ಲಿ ಒಂದರ ಪ್ರತಿ ತೆಗೆದರೆ ಮೊದಲಿನದು ಖಾಲಿಯಾಗುತ್ತದೆ. ಜೆರಾಕ್ಸ್ ಅಂಗಡಿಯವನು ಪ್ರತಿಯನ್ನು ನಮ್ಮ ಕೈಗೆ ಕೊಟ್ಟು, ಬೆಳ್ಳಗಾದ ಹಾಳೆಯನ್ನು ಪಕ್ಕದ ಬೋಂಡಾ ಅಂಗಡಿಗೆ ದಾಟಿಸುತ್ತಾನೆ. ನಮ್ಮ ಪಕ್ಕದ ಮನೆಯ ತೋಟಪ್ಪ ಮೇಷ್ಟ್ರ ಬಲಭುಜ ಎಡಭುಜಕ್ಕಿಂತ ದಪ್ಪ. ಮುಂದಿನ ಬೆಂಚಿನವಳು ಪದ್ಯ ಬರೆದುಕೊಂಡ ಕೂಡಲೇ ಕರಿಹಲಗೆ ಖಾಲಿ. ಅವಳ ಪಕ್ಕದವಳಿಗೆ ಮತ್ತೆ ಬರೆಯಬೇಕು, ಅವಳಾದ ಮೇಲೆ ಅದರಾಚೆಯವಳಿಗೆ. ನೌಕರಿಯುದ್ದಕ್ಕೂ ಹಾಗೆ ಬರೆದ ಭುಜ ಅದು. ಬಾಯಿಮಾತಿಗೆ ಮಾತ್ರ ಈ ಕಟ್ಟಳೆಯಿಲ್ಲ. ಒಬ್ಬರ ಹಾಡನ್ನು ಇನ್ನೊಬ್ಬರು ಹಾಡಿದರೆ ಯಾರ ಹಾಡೂ ಕಳೆಯುವುದಿಲ್ಲ. ಹಾಗಂತ ನಾವೆಲ್ಲ ತಿಳಿದಿದ್ದೆವು.

ಕಷ್ಟವಿರುವುದು ನಡುದಾರಿಯಲ್ಲಿ. ಪ್ರತಿಯಾಗುತ್ತಿರುವಾಗ ಕರೆಂಟು ಹೋಯಿತೋ ಯಂತ್ರ ನಿಂತಿತೋ, ಆ ಗಳಿಗೆಯಲ್ಲಿ ದಾಟುತ್ತಿದ್ದದ್ದು ಅಲ್ಲೂ ಉಳಿಯದು, ಇಲ್ಲೂ ಸೇರದು. ಅದಕ್ಕೇ ಊರಿನಲ್ಲಿ ಸಾಕ್ಷಿ ಕೂರುವ ಪದ್ಧತಿ ಬಂತು. ಯಾರ ಮನೆಯಲ್ಲಿ ಏನೇ ಪ್ರತಿಯಾಗಲಿ, ನೆರೆಹೊರೆಯವರು ಬಂದು ಎದುರಿಗೆ ಕೂತು, ದಾಟಿಹೋಗುವುದನ್ನು ಕಣ್ಣಲ್ಲಿ ತುಂಬಿಕೊಳ್ಳುತ್ತಾರೆ. ಕಳೆದರೆ ಹೇಳುವವರಾದರೂ ಇರಲಿ ಎಂದು. ಕೇಳದೆ ಪ್ರತಿ ತೆಗೆದವನನ್ನು ಮಾತ್ರ ಊರು ಕ್ಷಮಿಸುವುದಿಲ್ಲ. ಬೀಗ ಒಡೆದು ಕದ್ದವನಿಗೆ ಹೆಣ್ಣು ಕೊಟ್ಟಾರು, ಅವನಿಗೆ ಕೊಡರು.

ನನ್ನ ಡಬ್ಬಿಯಲ್ಲಿ ಇದ್ದದ್ದು ನನ್ನ ಗಂಡನ ದನಿ. ನರಹರಿರಾಯರು ನೀರು ಸರಬರಾಜು ಕಚೇರಿಯಲ್ಲಿದ್ದವರು, ಭಾರೀ ಮಾತುಗಾರರು. ಒಂದು ಕಾಲದಲ್ಲಿ ಕ್ಯಾಮೆರಾ ಕೊಂಡು ಮನೆಯ ಮದುವೆ, ಹುಟ್ಟುಹಬ್ಬ, ಹಪ್ಪಳ ಒತ್ತುವುದು, ಬೆಕ್ಕು ಮರಿ ಹಾಕಿದ್ದು, ಎಲ್ಲವನ್ನೂ ಹಿಡಿದರು. ಬೇರೆ ಯಾರ ಕೈಗೂ ಕ್ಯಾಮೆರಾ ಕೊಡುತ್ತಿರಲಿಲ್ಲ. ಹಾಗಾಗಿ ಯಾವ ಸೀಡಿಯಲ್ಲೂ ಅವರಿಲ್ಲ. ಎಲ್ಲ ಸೀಡಿಯಲ್ಲೂ ಅವರ ಮಾತಿದೆ. "ಇಲ್ನೋಡು, ಇಲ್ನೋಡು, ಹಲ್ಲು ಕಾಣ್ಲಿ." ಕ್ಯಾಮೆರಾದ ಟೇಪುಗಳಿಂದ ಸೀಡಿ ಮಾಡಿಸಿದಾಗ ಖಾಲಿಯಾದ ಟೇಪನ್ನು ಎಳೆದು ಕೊತ್ತಂಬರಿ ಮಡಿಗೆ ಗುಬ್ಬಿ ಬರದಂತೆ ಕಟ್ಟಿದ್ದೆ. ಗಾಳಿಗೆ ಅದು ಪರಪರ ಅನ್ನುವಾಗ, "ನೋಡು, ಖಾಲಿಯಾದ್ರೂ ಮಾತು ಬಿಟ್ಟಿಲ್ಲ, ನನ್ನ ಟೇಪಲ್ವಾ" ಎಂದು ನಕ್ಕಿದ್ದರು.

ಹೋದ ಚಳಿಗಾಲದಲ್ಲಿ ಅವರಿಗೆ ಲಕ್ವ ಹೊಡೆಯಿತು. ಬಲಗೈ ಸ್ವಲ್ಪ ಸ್ವಲ್ಪವಾಗಿ ಮರಳಿತು, ಮಾತು ಬರಲಿಲ್ಲ. ಏನು ಹೇಳಹೊರಟರೂ ಬಾಯಿಂದ ಬರುತ್ತಿದ್ದದ್ದು "ತಾ, ತಾ, ತಾ" ಎಂಬ ಸದ್ದೊಂದೇ. ವಾರಕ್ಕೊಮ್ಮೆ ಪಕ್ಕದ ಊರಿನಿಂದ ಬರುತ್ತಿದ್ದ ಮಾತಿನ ಡಾಕ್ಟರಮ್ಮ ಹೇಳಿದರು: "ಇವರದೇ ಹಳೇ ಮಾತು ಇದ್ರೆ ದಿನಾ ಕೇಳ್ಸಿ. ಬೇರೆಯವ್ರ ದನಿಗಿಂತ ಸ್ವಂತ ದನಿ ಹಿಡ್ಕೊಳ್ಳೋದು ಸುಲಭ." ಹೊರಡುವಾಗ ನನ್ನನ್ನು ಗೇಟಿನವರೆಗೆ ಕರೆದೊಯ್ದು, ಇನ್ನೊಂದು ಸಲ ಹೊಡೆತ ಬರಬಹುದು, ಬಂದರೆ ಈ ಸಲದಷ್ಟು ಹಗುರ ಇರಲಾರದು ಎಂದರು. ಆ ಮಾತು ಅವರ ಕಿವಿಗೆ ಬೀಳದಿರಲೆಂದೇ ಗೇಟಿನವರೆಗೆ ನಡೆದಿದ್ದರು ಆಕೆ. ಆ ಸಂಜೆಯೇ ನಾನು ಡಬ್ಬಿ ತೆಗೆದದ್ದು, ಕಲೆ ಕಂಡದ್ದು.

"ಮುಟ್ಟಬೇಡಿ ಅತ್ತಿಗೆ," ಎಂದಳು ಇಂದುಮತಿ. ನರಹರಿಯವರ ತಂಗಿ, ಹಿಂದಿನ ಬೀದಿಯಲ್ಲೇ ಮನೆ. "ಅದ್ರಲ್ಲಿ ನಮ್ಮಮ್ಮ ಇದಾಳೆ, ನನ್ನ ಮದುವೆ ಇದೆ. ಇಳಿಸೋಕ್ಕೆ ಹೋಗಿ ನಡುವೆ ಏನಾದ್ರೂ ಆದ್ರೆ? ಇದ್ದಷ್ಟು ದಿನ ಇರ್ಲಿ ಬಿಡಿ."

"ಇದ್ದಷ್ಟು ದಿನ ಅಂದ್ರೆ ಇನ್ನು ಸ್ವಲ್ಪ ದಿನಾನೇ ಕಣೇ. ಕಲೆ ನೋಡು."

ಅವಳು ಸೀಡಿಯನ್ನು ಹಿಡಿದು ತುಂಬ ಹೊತ್ತು ನೋಡಿದಳು. ಕಡೆಗೆ, "ಸರಿ, ಆದ್ರೆ ನಾನು ಸಾಕ್ಷಿ ಕೂರ್ತೀನಿ. ಕಣ್ಣು ಮಿಟುಕಿಸಲ್ಲ," ಎಂದಳು.

ಇಳಿಸಿಕೊಡಲು ಬಂದವಳು ಗ್ಲಾಡಿಸ್. ಪೇಟೆಯಲ್ಲಿ ಅವಳ ತಂದೆಯ ಕಾಲದಿಂದ ಇದ್ದ ಫೋಟೊ ಸ್ಟುಡಿಯೊ ಈಗ ಅವಳದು. ನನಗೆ ಅಲ್ಲಿಗೆ ಹೋಗಲು ಕಷ್ಟವೆಂದು ಸ್ಟುಡಿಯೊದ ಬಾಗಿಲು ಹಾಕಿ, ಕಂಪ್ಯೂಟರನ್ನೂ ಯುಪಿಎಸ್ಸನ್ನೂ ಸ್ಕೂಟರಿನ ಮೇಲೆ ದಿಂಬು ಹಾಕಿ ಕಟ್ಟಿಕೊಂಡು ಬಂದಿದ್ದಳು. ದಿಂಬಿಗೆ ಇಸ್ತ್ರಿ ಮಾಡಿದ ಹೊಸ ಗವಸು. ಕಂಪ್ಯೂಟರಿಗಲ್ಲ, ನಮ್ಮ ಮನೆಗೆ ಬರುತ್ತಿದೆಯೆಂದು ಹಾಕಿದ ಗವಸು ಅದು ಎಂದು ನನಗೆ ಅರ್ಥವಾಯಿತು. ತೋಟಪ್ಪ ಮೇಷ್ಟ್ರೂ ಕುರ್ಚಿ ತಂದು ಕೂತರು. ಸಾಕ್ಷಿಗಳು ಪಾಲು ಹಂಚಿಕೊಳ್ಳುವುದು ವಾಡಿಕೆ. ಯಾರು ಎಲ್ಲಿ ನಿಂತಿದ್ದರು ಎಂಬುದು ಮೇಷ್ಟ್ರ ಪಾಲು. ಸೀರೆ, ಒಡವೆ, ಮುಖ ಇಂದುಮತಿಗೆ. ನನ್ನ ಪಾಲಿಗೆ ಬಂದದ್ದು ನನ್ನ ಗಂಡನ ಮಾತು. ಅವರನ್ನು ಮಾತ್ರ ಒಳಕೋಣೆಯಲ್ಲಿ ಮಲಗಿಸಿದ್ದೆ. ಏನಾದರೂ ಕಳೆದರೆ ನಮ್ಮ ಮುಖ ಅವರು ನೋಡುವುದು ಬೇಡ ಎಂದು.

"ಫ್ಯಾನ್ ಆಫ್ ಮಾಡ್ಲಾ ಆಂಟಿ? ಕರೆಂಟ್ ಹೋದ್ರೆ ಯುಪಿಎಸ್ ಮೇಲೆ ಭಾರ ಬೀಳಬಾರ್ದು," ಎಂದಳು ಗ್ಲಾಡಿಸ್. ಬೇಸಿಗೆ ಶುರುವಾಗಿತ್ತು. ಯಾರೂ ಬೇಡವೆನ್ನಲಿಲ್ಲ.

ಅವಳು ಮೆತ್ತನೆಯ ಬಟ್ಟೆಯಿಂದ ಸೀಡಿಯನ್ನು ನಡುವಿನಿಂದ ಅಂಚಿಗೆ ಒರೆಸಿ ಯಂತ್ರದೊಳಗೆ ತಳ್ಳಿದಳು. ಪರದೆಯ ಮೇಲೆ ಓಡುತ್ತ ಓಡುತ್ತಲೇ ಚಿತ್ರ ಹಾರ್ಡ್ ಡಿಸ್ಕಿಗೆ ಇಳಿಯುವಂತೆ ಜೋಡಿಸಿದ್ದಳು. ಹಿಂದೆ ಖಾಲಿಯಾಗುತ್ತ, ಮುಂದೆ ತುಂಬುತ್ತ ಹೋಗುತ್ತಿತ್ತು. ಸೇತುವೆಯಿಲ್ಲದ ಹೊಳೆಯಲ್ಲಿ ಮಗುವನ್ನು ಹೆಗಲ ಮೇಲೆ ದಾಟಿಸುವಾಗ ದಡದಲ್ಲಿ ನಿಂತವರು ಹೇಗೆ ನಿಲ್ಲುತ್ತಾರೋ ಹಾಗೆ ಕೂತಿದ್ದೆವು ನಾವು. ಮೊದಲ ಕೆಲವು ಸೀಡಿಗಳು ಸುಸೂತ್ರವಾಗಿ ದಾಟಿದವು. ಬೆಕ್ಕಿನ ಮರಿಗಳು ದಾಟಿದವು. ಇಂದುಮತಿಯ ಮದುವೆ ದಾಟಿತು. ಗಂಡನ ಮನೆಗೆ ಹೊರಟು ಬಾಗಿಲಲ್ಲಿ ಬಿಕ್ಕುತ್ತಿದ್ದ ಅವಳಿಗೆ, "ಇಂದೂ, ಅಳಬೇಡ ಮಾರಾಯ್ತಿ, ಕ್ಯಾಮೆರಾ ಒದ್ದೆಯಾಗುತ್ತೆ" ಎಂಬ ದನಿ ಕೇಳಿ ಕುರ್ಚಿಯಲ್ಲಿದ್ದ ಇಂದುಮತಿ ಅತ್ತು ನಕ್ಕಳು. ಕಣ್ಣು ಮಾತ್ರ ಮಿಟುಕಿಸಲಿಲ್ಲ.

ಕಲೆ ಹೆಚ್ಚು ಹತ್ತಿದ ಸೀಡಿ ಕೊನೆಗೆ ಬಂತು. ನಮ್ಮತ್ತೆ ಹಿತ್ತಿಲ ಕಟ್ಟೆಯ ಮೇಲೆ ತೊಗರಿಬೇಳೆ ಆರಿಸುತ್ತಿದ್ದಾರೆ. ಮೊರ ಕೇರುವ ಸದ್ದು. "ಅಮ್ಮಾ, ಇಲ್ನೋಡು" ಎಂದರು ಇವರು. ಅತ್ತೆ ತಲೆಯೆತ್ತಿದರು. ಅಷ್ಟರಲ್ಲಿ ಯಂತ್ರ ಟರ್ ಟರ್ ಎಂದು ಕೆರೆಯತೊಡಗಿತು. ಅತ್ತೆಯ ಮುಖ ಚೌಕ ಚೌಕವಾಗಿ ಒಡೆದು ನಿಂತಿತು.

"ನಿಲ್ಸು, ನಿಲ್ಸು!" ಎಂದು ಇಂದುಮತಿ ಎದ್ದಳು.

"ನಿಲ್ಸಿದ್ರೆ ಹೋಗುತ್ತೆ. ಕೂತ್ಕೊಳ್ಳಿ ಅಕ್ಕ, ನಿಮ್ಮ ದಮ್ಮಯ್ಯ."

ಸರಿಯಾಗಿ ಆಗಲೇ ಕರೆಂಟು ಹೋಯಿತು. ಬೀದಿಯ ಎಲ್ಲ ಮನೆಗಳ ಸದ್ದು ಒಮ್ಮೆಗೇ ಅಡಗಿ, ಯುಪಿಎಸ್ಸು ಮಾತ್ರ ಕೂಗುತ್ತಿತ್ತು. ಗ್ಲಾಡಿಸ್ ಯಂತ್ರದ ಮೇಲೆ ಅಂಗೈಯನ್ನು ಹಗುರವಾಗಿ ಇಟ್ಟು, ಜ್ವರ ಬಂದ ಮಗುವಿನ ಹಣೆ ಮುಟ್ಟಿದವಳ ಹಾಗೆ ಅಲುಗದೆ ನಿಂತಳು. ಮೇಷ್ಟ್ರು ಯಾರೂ ಹೇಳದೆ ಬೀಸಣಿಗೆ ತೆಗೆದು ಅವಳ ಕುತ್ತಿಗೆಗೆ ಗಾಳಿ ಹಾಕಿದರು. ಬೀಸಣಿಗೆಯನ್ನು ಅವರು ಹಿಡಿದದ್ದು ಆ ದಪ್ಪ ಭುಜದ ಕೈಯಲ್ಲೇ. ಟರ್, ಟರ್. ಚೌಕಗಳು ಒಂದಿಷ್ಟು ಸರಿದವು, ಮತ್ತೆ ನಿಂತವು. ಆಮೇಲೆ ಅತ್ತೆಯ ಮೂಗುತಿ ಕಂಡಿತು, ಬೊಕ್ಕು ಬಾಯಿ ಕಂಡಿತು. "ಹೋಗೋ, ಕೆಲ್ಸ ಇಲ್ದವ್ನೆ" ಎಂದು ಅವರು ನಕ್ಕು ಮೊರಕ್ಕೆ ಬಗ್ಗಿದರು. ದಾಟಿತು.

ಕರೆಂಟು ಬಂದಾಗ ಎಲ್ಲರೂ ಬೆವರಿನಲ್ಲಿ ತೊಯ್ದಿದ್ದೆವು. ಖಾಲಿ ಸೀಡಿಗಳು ಕನ್ನಡಿಯ ಹಾಗೆ ಹೊಳೆಯುತ್ತಿದ್ದವು. "ಇವನ್ನ ನನಗೆ ಕೊಡಿ ಮೇಡಂ, ನುಗ್ಗೆ ಮರಕ್ಕೆ ಕಟ್ತೀನಿ, ಕೋತಿ ಬರಲ್ಲ," ಎಂದರು ಮೇಷ್ಟ್ರು.

ಮಾರನೆಯ ಬೆಳಿಗ್ಗೆಯಿಂದ ಪಾಠ ಶುರುವಾಯಿತು. ಹಾರ್ಡ್ ಡಿಸ್ಕನ್ನು ಟೀವಿಗೆ ಸಿಕ್ಕಿಸುವುದನ್ನು ಗ್ಲಾಡಿಸ್ ನನಗೆ ಕಲಿಸಿಕೊಟ್ಟಿದ್ದಳು. ಹಳೆಯ ಕ್ಯಾಮೆರಾದ ದನಿ ಸಣ್ಣದು. ಫ್ಯಾನಿನ ಸದ್ದಿನಲ್ಲಿ ಮುಳುಗಿಹೋಗುತ್ತಿತ್ತು. ಅದಕ್ಕೆ ಪಾಠದ ಹೊತ್ತಿನಲ್ಲಿ ಫ್ಯಾನು ಆರಿಸುತ್ತಿದ್ದೆ. ಅವರು ಬೆವರುತ್ತ, ತುಟಿ ಅಲುಗಿಸುತ್ತ, ಟೀವಿಯನ್ನೇ ನೋಡುತ್ತಿದ್ದರು. "ತಾ, ತಾ." ನಾನು ಪಕ್ಕದಲ್ಲಿ ಕೂತು, "ನೀವೇ ಹೇಳಿದ್ದು, ನೋಡಿ, ಇನ್ನೊಂದ್ಸಲ" ಎನ್ನುತ್ತಿದ್ದೆ.

ಒಂದು ದಿನ ಹಾಲು ಉಕ್ಕೀತೆಂದು ಒಳಗೆ ಹೋಗಿದ್ದೆ. ಬರುವಷ್ಟರಲ್ಲಿ ಟೀವಿಯಲ್ಲಿ ಅತ್ತೆ ಬೇಳೆ ಆರಿಸುತ್ತಿದ್ದರು. ಮೊರದ ಸದ್ದಿತ್ತು, ಕಾಗೆಯ ಸದ್ದಿತ್ತು. ಅತ್ತೆ ತಲೆಯೆತ್ತಿದರು, ನಕ್ಕರು. ಆದರೆ ಅವರನ್ನು ಯಾರೂ ಕರೆಯಲಿಲ್ಲ. ಹಿಂದಕ್ಕೆ ಓಡಿಸಿ ಮತ್ತೆ ಹಾಕಿದೆ. "ಅಮ್ಮಾ, ಇಲ್ನೋಡು" ಇಲ್ಲ. ದನಿ ಏರಿಸಿ ಹಾಕಿದೆ. ಇಲ್ಲ. ಇವರು ನನ್ನ ಸೆರಗು ಹಿಡಿದು ಏನೋ ಅನ್ನುತ್ತಿದ್ದರು. "ಸ್ವಲ್ಪ ಇರಿ," ಎಂದು ಕೈ ಬಿಡಿಸಿಕೊಂಡು ಟೀವಿಗೆ ಕಿವಿಯಿಟ್ಟೆ.

ನಮ್ಮೂರಿನಲ್ಲಿ ಇದ್ದದ್ದು ಇಲ್ಲವಾದರೆ ಅರ್ಥ ಒಂದೇ. ಯಾರೋ ಪ್ರತಿ ತೆಗೆದಿದ್ದಾರೆ.

ಇಂದುಮತಿಗೆ ಹೇಳದೆ ಇರಬೇಕಿತ್ತೇನೋ. ಹೇಳಿದೆ. ಅವಳು ಮಧ್ಯಾಹ್ನದ ಬಿಸಿಲಿನಲ್ಲೇ ಸ್ಟುಡಿಯೊಗೆ ಹೋಗಿ ಗ್ಲಾಡಿಸಳನ್ನು ಕರೆದುಕೊಂಡು ಬಂದಳು. ಕರೆದುಕೊಂಡು ಬಂದಳು ಎನ್ನುವುದಕ್ಕಿಂತ ಎಳೆದುಕೊಂಡು ಬಂದಳು ಎನ್ನಬೇಕು. ಹೊಸ್ತಿಲಾಚೆ ಚಪ್ಪಲಿ ಬಿಟ್ಟು ಒಳಗೆ ಬಂದ ಗ್ಲಾಡಿಸಳ ಮುಖ ಸುಣ್ಣದಂತಾಗಿತ್ತು. ಗಲಾಟೆ ಕೇಳಿ ಮೇಷ್ಟ್ರೂ ಬಂದರು.

"ನಿನ್ನ ಕಂಪ್ಯೂಟರಲ್ಲಿ ಒಂದು ಇಟ್ಕೊಂಡಿದೀಯ," ಎಂದಳು ಇಂದುಮತಿ. "ಬೆಕ್ಕಿಂದು ಇಟ್ಕೋ, ಹಪ್ಪಳದ್ದು ಇಟ್ಕೋ. ನಮ್ಮಣ್ಣ ನಮ್ಮಮ್ಮನ್ನ ಕರೆದಿದ್ದು ನಿನಗ್ಯಾಕೆ?"

"ಅಕ್ಕ, ನಮ್ಮಪ್ಪ ನಲ್ವತ್ತು ವರ್ಷ ಈ ಊರಲ್ಲಿ ಫೋಟೊ ಹಿಡಿದ್ರು. ಒಂದು ಮನೇದೂ ಕದ್ದಿಲ್ಲ."

"ನಿಮ್ಮಪ್ಪನ್ನ ಯಾರು ಕೇಳಿದ್ರು?"

"ಇಂದೂ, ಸಾಕು ಮಾಡು," ಎಂದೆ. ಆದರೆ ನನ್ನ ದನಿಯಲ್ಲೂ ಗಟ್ಟಿಯಿರಲಿಲ್ಲ. ಅದು ಗ್ಲಾಡಿಸಳಿಗೆ ಕೇಳಿಸಿತು. ಇಂದುಮತಿಯ ಬೈಗುಳಕ್ಕೆ ನೀರಾಗದ ಅವಳ ಕಣ್ಣು ಆಗ ತುಂಬಿತು.

"ಮಿಕ್ಕಿದ್ದು ನೋಡೋಣ, ಏನೇನು ಹೋಗಿದೆ," ಎಂದು ಮೇಷ್ಟ್ರು ನಡುವೆ ಬಂದರು. "ಬಯ್ಯೋದಿದ್ರೆ ಲೆಕ್ಕ ಹಾಕಿ ಒಟ್ಟಿಗೆ ಬಯ್ಯೋಣ."

ಇಂದುಮತಿ ತನ್ನ ಮದುವೆಯನ್ನೇ ಹಾಕಿಸಿದಳು. ಫ್ಯಾನು ಆರಿತು. ಬಾಗಿಲಲ್ಲಿ ನಿಂತು ಬಿಕ್ಕುವ ಹುಡುಗಿ. "ಇಂದೂ, ಅಳಬೇಡ ಮಾರಾಯ್ತಿ, ಕ್ಯಾಮೆರಾ ಒದ್ದೆಯಾಗುತ್ತೆ." ಇದೆ. ಇಂದುಮತಿ ಉಸಿರು ಬಿಟ್ಟಳು. "ಇನ್ನೊಂದ್ಸಲ ಹಾಕಿ ಅತ್ತಿಗೆ," ಎಂದಳು. ಅದು ಪರೀಕ್ಷೆಗಲ್ಲ, ಕೇಳುವ ಆಸೆಗೆ. ಹಾಕಿದೆ.

"ಇಂ... ದೂ."

ಟೀವಿಯಿಂದ ಬಂದ ದನಿ ಅಂದುಕೊಂಡೆವು. ಆದರೆ ಟೀವಿಯಲ್ಲಿ ಹುಡುಗಿ ಇನ್ನೂ ಬಾಗಿಲಿಗೇ ಬಂದಿರಲಿಲ್ಲ. ನಾಲ್ವರೂ ತಿರುಗಿದೆವು. ಕುರ್ಚಿಯಲ್ಲಿ ಇವರು ಮುಂದಕ್ಕೆ ಬಾಗಿ, ಕುತ್ತಿಗೆಯ ನರ ಬಿಗಿದು, ತಂಗಿಯನ್ನೇ ನೋಡುತ್ತಿದ್ದರು. "ಇಂದೂ," ಎಂದರು ಮತ್ತೆ. ಟೀವಿಯಲ್ಲಿ ಹುಡುಗಿ ಬಾಗಿಲಿಗೆ ಬಂದಳು, ಬಿಕ್ಕಿದಳು. ದನಿ ಬಂತು: "ಅಳಬೇಡ ಮಾರಾಯ್ತಿ, ಕ್ಯಾಮೆರಾ ಒದ್ದೆಯಾಗುತ್ತೆ." ಅದರ ಮುಂಚಿನ ಹೆಸರು ಇರಲಿಲ್ಲ.

ನನಗೆ ಬೆಳಿಗ್ಗೆ ಸೆರಗು ಹಿಡಿದ ಕೈ ನೆನಪಾಯಿತು. ಬಗ್ಗಿ ಅವರ ಮುಖದ ಹತ್ತಿರ ಕಿವಿಯಿಟ್ಟು, "ಬೆಳಿಗ್ಗೆ ಏನಂದ್ರಿ?" ಎಂದು ಕೇಳಿದೆ.

"ಅಮ್ಮಾ," ಎಂದರು. "ಇಲ್... ನೋಡು."

ಮೇಷ್ಟ್ರು ನಿಧಾನವಾಗಿ ಕೂತರು. "ನಾನು ಹಾಡಿದ್ರೆ ಇನ್ನೊಬ್ಬರ ಹಾಡು ಹೋಗಲ್ಲ, ಯಾಕಂದ್ರೆ ಗಂಟಲು ಬೇರೆ. ಇದು ಅದೇ ಗಂಟಲು," ಎಂದರು. "ಪ್ರತಿ ತೆಗೀತಿರೋದು ರಾಯರೇ."

ಇಂದುಮತಿ ಗ್ಲಾಡಿಸಳ ಕಡೆ ನೋಡಲಿಲ್ಲ. ಸೀದಾ ಹೊರಗೆ ಹೋದಳು. ಸಿಟ್ಟಿನಿಂದ ಮನೆಗೇ ಹೋದಳೇನೋ ಎಂದು ಕಿಟಕಿಯಲ್ಲಿ ಬಗ್ಗಿ ನೋಡಿದೆ. ಮೆಟ್ಟಿಲ ಮೇಲೆ ಬಿಸಿಲಿಗೆ ಕಾಯುತ್ತಿದ್ದ ಗ್ಲಾಡಿಸಳ ಚಪ್ಪಲಿಗಳನ್ನು ಅವಳು ಕೈಯಿಂದಲೇ ಎತ್ತಿ, ತುಳಸಿಕಟ್ಟೆಯ ನೆರಳಿಗೆ ಜೋಡಿಸಿಡುತ್ತಿದ್ದಳು. ನಾನೂ ಗ್ಲಾಡಿಸಳ ಕೈ ಹಿಡಿದೆ. "ತಪ್ಪಾಯ್ತು ಕಣಮ್ಮ," ಎಂದೆ. "ಬಿಡಿ ಆಂಟಿ, ಈ ಊರಲ್ಲಿ ಯಾರಾದ್ರೂ ಹಾಗೇ ಅಂದ್ಕೊಳ್ತಿದ್ರು," ಎಂದು ಅವಳು ಮೂಗು ಒರೆಸಿಕೊಂಡಳು.

ಅಂದು ಸಂಜೆ ಸಂತೋಷದಿಂದ ಕುಣಿಯಬೇಕಿತ್ತು ನಾನು. ಬದಲಿಗೆ ಹಾರ್ಡ್ ಡಿಸ್ಕನ್ನು ಬಿಚ್ಚಿ, ರೇಷ್ಮೆ ಸೀರೆಯ ಮಡಿಕೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಇಂದುಮತಿಯೂ ಅದನ್ನೇ ಹೇಳಿದ್ದಳು. "ಒಂದೊಂದೇ ಮಾತು ಅಣ್ಣನ ಬಾಯಿಗೆ ಹೋಗುತ್ತೆ, ಸರಿ. ನಾಳೆ ಇನ್ನೊಂದು ಹೊಡೆತ ಬಂದ್ರೆ? ಬಾಯಿಂದಾನೂ ಹೋಯ್ತು, ಡಿಸ್ಕಿಂದಾನೂ ಹೋಯ್ತು. ಆಮೇಲೆ ಏನು ಕೇಳೋಣ ಅತ್ತಿಗೆ ನಾವು? ಕಾಗೆ ಸದ್ದಾ?"

ಅವಳದು ಕ್ರೂರ ಮಾತಲ್ಲ. ಗೇಟಿನ ಹತ್ತಿರ ಡಾಕ್ಟರಮ್ಮ ಹೇಳಿದ್ದು ನನ್ನ ತಲೆಯಲ್ಲೂ ಅದೇ ಲೆಕ್ಕ ಹಾಕುತ್ತಿತ್ತು. ಹೊಳೆ ದಾಟಿಸಿದ ಮಗುವನ್ನು ಮತ್ತೆ ಅದಕ್ಕಿಂತ ದೊಡ್ಡ ಹೊಳೆಗೆ ಇಳಿಸುವುದು ಹೇಗೆ? ಈ ದಡದಲ್ಲಿ ಗಟ್ಟಿ ನೆಲವಿದೆ. ಆಚೆ ದಡ ಎಂಬತ್ತರ ಹತ್ತಿರದ ಒಂದು ದೇಹ.

ಇವರು ಬೆಳಿಗ್ಗೆ ಎದ್ದು ಕುರ್ಚಿಯಲ್ಲಿ ಕೂತು ಟೀವಿಯತ್ತ ಕೈ ತೋರುತ್ತಿದ್ದರು. "ಇಲ್ನೋಡು," ಎನ್ನುತ್ತಿದ್ದರು, ಇದ್ದ ಮಾತನ್ನೇ ಬಳಸಿ. ನಾನು ಕೇಳದ ಹಾಗೆ ಸೊಪ್ಪು ಬಿಡಿಸುತ್ತಿದ್ದೆ. ಒಂದು ದಿನ ಗಂಜಿಯ ಚಮಚವನ್ನು ಗೋಡೆಗೆ ಎಸೆದರು. ಒಂದು ಬಿರುಸು ಮಾತನ್ನೂ ಆಡದ ಮನುಷ್ಯ. ಎಸೆದ ಮೇಲೆ ಅವರೇ ಗಾಬರಿಯಾಗಿ ನನ್ನ ಮುಖ ನೋಡಿದರು. ಕ್ಷಮಿಸು ಎನ್ನಲೂ ಮಾತಿಲ್ಲ. ಆ ಮಾತು ಡಿಸ್ಕಿನಲ್ಲಿ ಎಲ್ಲೋ ಇತ್ತು; ಬೆಕ್ಕಿನ ಬಾಲ ತುಳಿದಾಗ ಅಂದದ್ದು. ಅದನ್ನು ನಾನು ಬೀಗ ಹಾಕಿ ಇಟ್ಟಿದ್ದೆ.

ಆ ಸಂಜೆ ಇಂದುಮತಿ ಪಾಯಸದ ಡಬ್ಬಿ ಹಿಡಿದು ಗೇಟು ತೆರೆದಳು. ಇವರು ಜಗುಲಿಯಲ್ಲಿದ್ದರು. ನಾನು ಒಳಗಿನಿಂದ ನೋಡುತ್ತಿದ್ದೆ. "ಇಂದೂ," ಎಂದು ಕರೆದರು, ಚಿಕ್ಕವಳಿದ್ದಾಗ ಶಾಲೆಯಿಂದ ಬಂದವಳನ್ನು ಕರೆಯುತ್ತಿದ್ದರಂತಲ್ಲ, ಹಾಗೆ ರಾಗವಾಗಿ. ಅವಳು ಅರ್ಧ ತೆರೆದ ಗೇಟನ್ನು ಹಿಡಿದು ಅಲ್ಲೇ ನಿಂತುಬಿಟ್ಟಳು. "ಇಂದೂ," ಎಂದರು ಮತ್ತೆ, ಇವಳಿಗೆ ಕೇಳಲಿಲ್ಲವೇನೋ ಎಂಬ ಹಾಗೆ. ಅವಳು ಪಾಯಸದ ಡಬ್ಬಿಯನ್ನು ಮೆಟ್ಟಿಲ ಮೇಲಿಟ್ಟು ಅವರ ಕಾಲ ಬಳಿ ಕೂತಳು.

ಸುಮಾರು ಹೊತ್ತಾದ ಮೇಲೆ ಒಳಗೆ ಬಂದು, "ಡಿಸ್ಕ್ ತೆಗೀರಿ ಅತ್ತಿಗೆ," ಎಂದಳು. "ಟೀವಿಲಿ ಎಷ್ಟು ಸಲ ಕರೆದ್ರೂ ನಾನು 'ಏನಣ್ಣ' ಅನ್ನೋಕಾಗ್ತಿತ್ತಾ?"

ಮತ್ತೆ ಫ್ಯಾನು ಆರಿತು, ಪಾಠ ನಡೆಯಿತು. ಬೀದಿಯವರು ಸರದಿಯಲ್ಲಿ ಬಂದು ಸಾಕ್ಷಿ ಕೂತರು. ಈ ಸಲ ಕರೆಂಟಿಗೆ ಹೆದರಬೇಕಿರಲಿಲ್ಲ, ಅವರ ಉಸಿರಿಗೆ ಹೆದರಬೇಕಿತ್ತು. ಒಂದು ಮಾತು ಡಿಸ್ಕಿನಿಂದ ಹೋಗಿ ಬಾಯಿಗೆ ಬರುವ ನಡುವೆ ಅವರ ಮುಖ ಕೆಂಪಾಗುತ್ತಿತ್ತು, ಕೆಮ್ಮು ಬಂದರೆ ನಾವು ಎದ್ದು ನಿಲ್ಲುತ್ತಿದ್ದೆವು. ಹಾಗೆ ಕೆಮ್ಮು ಬಂದು "ದೀಪಾವಳಿ" ನಡುದಾರಿಯಲ್ಲಿ ಕಳೆದುಹೋಯಿತು. ಅಲ್ಲೂ ಇಲ್ಲ, ಇಲ್ಲೂ ಇಲ್ಲ. "ಹೋಗ್ಲಿ ಬಿಡಿ ರಾಯರೇ, ಹಬ್ಬ ಅಂದ್ರಾಯ್ತು," ಎಂದು ಮೇಷ್ಟ್ರು ಅವರ ಬೆನ್ನು ನೀವಿದರು. ಆದರೆ "ಮಾರಾಯ್ತಿ" ಬಂತು. "ಕ್ಯಾಮೆರಾ" ಬಂತು. "ಹಲ್ಲು ಕಾಣ್ಲಿ" ಬಂದ ದಿನ ನೋಡಲು ಬಂದವರಿಗೆಲ್ಲ ಅದನ್ನೇ ಹೇಳಿ ನಗಿಸಿದರು. ಟೀವಿಯಲ್ಲಿ ಮದುವೆ, ಹಪ್ಪಳ, ಹುಟ್ಟುಹಬ್ಬ ಒಂದೊಂದಾಗಿ ಮೂಕವಾದವು. ಅವುಗಳಲ್ಲಿದ್ದ ಜನ ಸುಮ್ಮನೆ ತಿರುಗಿ ನೋಡಿ, ಸುಮ್ಮನೆ ನಗುತ್ತಿದ್ದರು.

ಒಂದು ತುಣುಕನ್ನು ಮಾತ್ರ ನಾನು ಹಾಕಿರಲಿಲ್ಲ. ಹಿತ್ತಿಲಲ್ಲಿ ನಾನು ದಾಸವಾಳದ ಕುಂಡ ಬದಲಿಸುತ್ತಿದ್ದ ಚಿತ್ರ, ತೀರ ಚಿಕ್ಕದು. ಅದರಲ್ಲಿ ಇವರು ನನ್ನನ್ನು "ಬಾಟನಿ" ಎಂದು ಕರೆಯುತ್ತಾರೆ. ಮದುವೆಯಾದ ಹೊಸತರಲ್ಲಿ ನಾನು ಓದಿದ ವಿಷಯವನ್ನೇ ಹೆಸರು ಮಾಡಿ ಕರೆದವರು ಮತ್ತೆ ನನ್ನ ಹೆಸರು ಹಿಡಿದು ಕರೆಯಲೇ ಇಲ್ಲ. ಆ ಒಂದು ಕೂಗು ನನಗಿರಲಿ ಎನ್ನಿಸಿತ್ತು. ಎಲ್ಲ ಅವರಿಗೇ ಕೊಟ್ಟೆ, ಇದೊಂದು. ಗ್ಲಾಡಿಸ್ ಅದನ್ನು ಗಮನಿಸಿದ್ದಳು. ಒಂದು ದಿನ ಬಂದವಳು ಯಾರಿಗೂ ಕೇಳಿಸದ ಹಾಗೆ, "ಆಂಟಿ, ಅದೊಂದನ್ನ ಬೇರೆ ಪೆನ್ ಡ್ರೈವಿಗೆ ಹಾಕಿಕೊಡ್ಲಾ? ನಾನೂ ನೋಡಲ್ಲ, ಮುಖ ಆ ಕಡೆ ಮಾಡ್ಕೊಂಡು ಇಳಿಸ್ತೀನಿ," ಎಂದಳು. ನನಗೆ ಅವಳ ತಲೆ ಸವರಬೇಕೆನ್ನಿಸಿತು. ನಾಳೆ ಹೇಳುತ್ತೇನೆ ಎಂದೆ.

ಆ ಮಧ್ಯಾಹ್ನ ಇವರು ಊಟದ ತಟ್ಟೆಯ ಮುಂದೆ ನನ್ನನ್ನು ಕರೆಯಲು ನೋಡಿದರು. ಬಾಯಲ್ಲಿ ಈಗ ಎಷ್ಟೋ ಮಾತುಗಳಿದ್ದವು. "ಅಮ್ಮಾ," ಎಂದರು; ತಲೆಯಲ್ಲಾಡಿಸಿ ಬೇಡವೆಂದರು. "ಇಂದೂ," ಎಂದರು, ಅದೂ ಅಲ್ಲ. "ಮಾರಾಯ್ತಿ," ಎಂದು ನೋಡಿದರು. ಆಮೇಲೆ ಕೈ ಚೆಲ್ಲಿ, ಹಿತ್ತಿಲ ಬಾಗಿಲಾಚೆ ಬೆರಳು ತೋರಿಸಿದರು. ದಾಸವಾಳದ ಕಡೆಗೆ. ಆ ಹೆಸರನ್ನು ಅವರು ಹುಡುಕುತ್ತಿದ್ದರು, ನಾನು ಮುಚ್ಚಿಟ್ಟುಕೊಂಡಿದ್ದೆ.

ಎದ್ದು ಕೈ ತೊಳೆದು, ಕಿಟಕಿ ಹಾಕಿ, ಫ್ಯಾನು ಆರಿಸಿ, ಡಿಸ್ಕು ಸಿಕ್ಕಿಸಿದೆ. ಸಾಕ್ಷಿಗೆ ಯಾರನ್ನೂ ಕರೆಯಲಿಲ್ಲ.

ಟೀವಿಯಲ್ಲಿ ನಾನು. ಕಪ್ಪು ಕೂದಲು, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಮೊಣಕೈವರೆಗೆ ಮಣ್ಣು. "ಬಾಟನಿ!" ನಾನು ತಿರುಗಿ ನಕ್ಕೆ. ಕುರ್ಚಿಯಲ್ಲಿದ್ದ ಇವರ ತುಟಿ ಕೂಡಿತು, ಬಿಚ್ಚಿತು, ಸದ್ದು ಬರಲಿಲ್ಲ. ಮತ್ತೆ ಹಾಕಿದೆ. ಹಣೆಯ ಬೆವರು ಅವರ ಕಣ್ಣಿಗಿಳಿಯಿತು. ಒರೆಸಲು ಹೋದರೆ ಕೈ ತಳ್ಳಿದರು. ಇನ್ನೊಮ್ಮೆ ಹಾಕಿದೆ. ಎದೆ ಏರಿತು, ಕೆಮ್ಮು ಗಂಟಲಿಗೆ ಬಂದದ್ದು ಕೇಳಿಸಿತು. ದೇವರೇ, ದೀಪಾವಳಿಯಂತೆ ಆಗದಿರಲಿ ಎಂದುಕೊಂಡೆ. ನನಗೆ ಅವರ ಮುಖ ನೋಡಲಾಗಲಿಲ್ಲ. ಟೀವಿಯನ್ನೇ ನೋಡುತ್ತಿದ್ದೆ.

ಟೀವಿಯಲ್ಲಿ ದಾಸವಾಳ ಗಾಳಿಗೆ ಅಲ್ಲಾಡಿತು. ಯಾರೂ ಕರೆಯಲಿಲ್ಲ. ಮಣ್ಣುಗೈಯ ಹೆಂಗಸು ತನ್ನಷ್ಟಕ್ಕೆ ತಾನೇ ತಿರುಗಿ, ಯಾರೂ ಇಲ್ಲದ ಕಡೆ ನೋಡಿ ನಕ್ಕಳು.

"ಬಾಟನಿ."

ನಾನೂ ತಿರುಗಿದೆ. ಅವರು ಕುರ್ಚಿಯ ಬೆನ್ನಿಗೆ ಒರಗಿ, ಹೊಳೆ ಈಜಿ ಬಂದವರ ಹಾಗೆ ಏದುಸಿರು ಬಿಡುತ್ತಿದ್ದರು. ಅಂಗಿ ಮೈಗೆ ಅಂಟಿತ್ತು. ಒಂದು ಗಳಿಗೆ ಕಣ್ಣು ಮುಚ್ಚಿ, ಮತ್ತೆ ತೆರೆದು, ಬೆರಳನ್ನು ಮೇಲಕ್ಕೆತ್ತಿದರು.

"ಬಾಟನಿ," ಎಂದರು. "ಫ್ಯಾನು."

ಸಾಕ್ಷಿ ಕೂತು ಅವರ ಮಾತನ್ನೆಲ್ಲ ನೆನಪಿಟ್ಟವಳು ನಾನು. ಅಷ್ಟೂ ಸೀಡಿಗಳಲ್ಲಿ ಎಲ್ಲಿಯೂ, ಒಮ್ಮೆಯೂ, ಅವರು ಫ್ಯಾನು ಎಂದಿರಲಿಲ್ಲ. ಎದ್ದುಹೋಗಿ ಹಾಕಿದೆ.